ಉಗುರಲ್ಲಿ ಹೋಗುವಾಗಲೇ ಹೇಳಿಬಿಡು

ಮಗೂ, ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಬ್ಯಾಗಿನಲ್ಲಿ ಚಟ್ನಿಪುಡಿ, ಹೊದಿಕೆ, ಅಂಕಪಟ್ಟಿಗಳ ಜೆರಾಕ್ಸು ಎಲ್ಲ ತುಂಬಿದ್ದಾಯಿತು. ಹೊರಡುವ ಮುಂಚೆ ಇದೊಂದು ಮಾತು ಕೇಳಿಕೊ: ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವವರೆಗೆ ಬಿಡಬೇಡ. ಕಷ್ಟ ಸಣ್ಣದಿರುವಾಗಲೇ ಬಾಯಿಬಿಟ್ಟು ಹೇಳು.

ನೀವೆಲ್ಲ ಮನೆಯಿಂದ ಫೋನ್ ಬಂದರೆ "ಆರಾಮಿದ್ದೀನಿ" ಅಂದುಬಿಡುತ್ತೀರಿ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಅವರಿಗೆ ಇನ್ನೊಂದು ಚಿಂತೆ ಯಾಕೆ ಎಂಬ ಲೆಕ್ಕ ನಿಮ್ಮದು. ಕನ್ನಡದಲ್ಲಿ ಓದಿ ಊರಿಗೇ ಮೊದಲು ಬಂದವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಒಂದು ಪೇಪರು ಉಳಿಯುತ್ತದೆ, ಆ ನಾಚಿಕೆಗೆ ಕ್ಲಾಸು ತಪ್ಪುತ್ತದೆ, ಹಾಜರಿ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೊದಲ ವಾರವೇ ಮೇಷ್ಟ್ರ ಹತ್ತಿರ ಹೋಗಿ "ಸರ್, ಅರ್ಥ ಆಗಲಿಲ್ಲ" ಅಂದರೆ ಅಲ್ಲಿಗೇ ತೀರುವ ಕೆಲಸ ಅದು.

ಸೀನಿಯರ್ ತನ್ನ ರೆಕಾರ್ಡು ನಿನ್ನ ಕೈಲಿ ಬರೆಸಿದರೆ, ದುಡ್ಡು ಕಿತ್ತರೆ, ಅದು ಸಲಿಗೆಯಲ್ಲ, ರ‍್ಯಾಗಿಂಗ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದಲ್ಲೇ ಹಾಗಿದೆ. 2016ರ ತಿದ್ದುಪಡಿಯ ಮೇಲೆ ಜಾತಿ, ಭಾಷೆ, ಊರು, ಮೈಬಣ್ಣ, ಬಡತನ ಹಿಡಿದು ಪೀಡಿಸುವುದೂ ಅದರಲ್ಲಿ ಸೇರಿದೆ. ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡು, ಕಾಸು ಬೀಳುವುದಿಲ್ಲ.

ಯಾರಾದರೂ ಮೈಮುಟ್ಟಿದರೆ, ಅಸಹ್ಯದ ಮೆಸೇಜು ಕಳಿಸಿದರೆ, ಅವರು ಎಷ್ಟೇ ದೊಡ್ಡ ಪ್ರೊಫೆಸರ್ ಆಗಿರಲಿ, ಆಂತರಿಕ ದೂರು ಸಮಿತಿಗೆ ಬರೆದುಕೊಡು. ಯುಜಿಸಿಯ 2015ರ ನಿಯಮದ ಪ್ರಕಾರ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ನುಂಗಿಕೊಂಡು ಕೂತರೆ ಗಡುವೂ ಜಾರುತ್ತದೆ. ಮೆಸೇಜು ಅಳಿಸಬೇಡ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊ.

ಇನ್ನು ಮನಸ್ಸಿನ ವಿಷಯ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ರೂಮಿನಿಂದ ಹೊರಬೀಳಲೂ ಮನಸ್ಸಾಗದೆ ಇದ್ದರೆ ಅದು ಸೋಮಾರಿತನವಲ್ಲ. 14416ಕ್ಕೆ ಫೋನ್ ಮಾಡು. ಅದು 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಕೌನ್ಸೆಲರ್ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅವರ ರೂಮು ಎಲ್ಲಿದೆ ಎಂದು ಸೇರಿದ ವಾರವೇ ವಿಚಾರಿಸು. ಬೇಕಾದ ದಿನ ಹುಡುಕುವಷ್ಟು ತ್ರಾಣ ಇರುವುದಿಲ್ಲ.

ಗೆಳೆಯ ಬದುಕು ಬೇಡವಾಗಿದೆ ಎಂದು ನಿನ್ನೊಬ್ಬನಿಗೇ ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರೆ, ಆ ಆಣೆ ಮುರಿ. ಅವನನ್ನು ಒಂಟಿಯಾಗಿ ಬಿಡದೆ ವಾರ್ಡನ್‌ಗೆ ತಿಳಿಸು, ಮನೆಯವರನ್ನು ಕರೆಸು. ಏನಾದರೂ ಮಾಡಿಕೊಂಡಿದ್ದರೆ 112ಕ್ಕೆ ಫೋನ್ ಮಾಡು. ಪೊಲೀಸ್ ಕೇಸಾದೀತೆಂದು ಹೆದರಿ ಆಸ್ಪತ್ರೆಗೆ ಒಯ್ಯುವುದು ತಡವಾಗಬಾರದು. ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಎಲ್ಲ ಕಡೆಯೂ ಮೊದಲ ಸಲಕ್ಕೇ ಕೇಳಿಸಿಕೊಳ್ಳುತ್ತಾರೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಒಬ್ಬ ಗುಮಾಸ್ತ "ನಾಳೆ ಬಾ" ಅಂದಾನು, ಒಬ್ಬ ಮೇಷ್ಟ್ರು ಗದರಿಯಾರು. ಆಗ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿಗೆ ಯುಜಿಸಿಯ 2023ರ ನಿಯಮದಂತೆ ವಿಶ್ವವಿದ್ಯಾಲಯದಲ್ಲಿ ಓಂಬುಡ್ಸ್‌ಪರ್ಸನ್ ಇರುತ್ತಾರೆ. ಹೇಳಿದ್ದಕ್ಕೆ ಬೈದರೆ ಬೈಸಿಕೊ. ಹೇಳದೆ ತೆರುವ ಬೆಲೆಗಿಂತ ಅದು ಅಗ್ಗ.