ಕಾಮಗಾರಿ ಸ್ಥಳದ ತಾತ್ಕಾಲಿಕ ಕಚೇರಿ: ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ದೊಡ್ಡ ಕಾಮಗಾರಿ ಆರಂಭವಾದಾಗ ಗುತ್ತಿಗೆದಾರರು ಕಂಟೇನರ್ ಕಚೇರಿಯನ್ನು ತಂದು ನಿಲ್ಲಿಸುವುದು ಈಗ ಸಾಮಾನ್ಯವಾಗಿದೆ. 20 ಅಡಿ ಉದ್ದ, 8 ಅಡಿ ಅಗಲದ ಕಂಟೇನರ್‌ನ ವಿಸ್ತೀರ್ಣ 160 ಚದರ ಅಡಿ. ನಕ್ಷೆ, ಅಂದಾಜುಪಟ್ಟಿ, ಹಾಜರಿ ಪುಸ್ತಕ, ಸಿಮೆಂಟ್ ದಾಸ್ತಾನು ವಹಿಗಳನ್ನು ಇಡುವ ಸ್ಥಳ ಇದೇ ಆಗಿರುವುದರಿಂದ, ಸದಸ್ಯರ ಪರಿಶೀಲನೆಯೂ ಇಲ್ಲಿಂದಲೇ ಆರಂಭವಾಗಬೇಕು.

1. ಸ್ಥಳ: ಗುಡೇಕೋಟೆಯಂತಹ ಬಂಡೆಗುಡ್ಡಗಳ ಸೀಮೆಯಲ್ಲಿ ಮಳೆಯ ನೀರು ಹಳ್ಳಗಳಲ್ಲಿ ರಭಸದಿಂದ ಹರಿಯುತ್ತದೆ. ಆದುದರಿಂದ ಹಳ್ಳದ ಅಂಚು ಹಾಗೂ ಕೆರೆಗೆ ನೀರು ಬರುವ ಕಾಲುವೆಯನ್ನು ಬಿಟ್ಟು ಎತ್ತರದ ಗಟ್ಟಿ ನೆಲವನ್ನು ಆರಿಸಬೇಕು. ಈ ಭಾಗದಲ್ಲಿ ಕರಡಿಧಾಮವಿರುವುದರಿಂದ ಊಟದ ಉಳಿಕೆಯನ್ನು ಹೊರಗೆ ಎಸೆಯಬಾರದು.

2. ಸುರಕ್ಷತೆ: ಬೇಸಿಗೆಯಲ್ಲಿ ಲೋಹದ ಗೋಡೆ ವಿಪರೀತ ಕಾಯುತ್ತದೆ. ಎದುರುಬದುರು ಕಿಟಕಿ, ಮೇಲ್ಭಾಗದಲ್ಲಿ ಅಂತರ ಬಿಟ್ಟು ಹಾಕಿದ ಚಪ್ಪರ ಅವಶ್ಯಕ. ವಿದ್ಯುತ್ ಸಂಪರ್ಕವಿದ್ದಲ್ಲಿ ಅರ್ಥಿಂಗ್ ಇರಲೇಬೇಕು. ತಂತಿಯ ಹೊದಿಕೆ ಹರಿದರೆ ಇಡೀ ಕಂಟೇನರ್‌ನಲ್ಲಿ ವಿದ್ಯುತ್ ಪ್ರವಹಿಸಬಹುದು.

3. ಕಾರ್ಮಿಕರು: ಮೇಲ್ವಿಚಾರಕರಿಗೆ ಫ್ಯಾನ್, ಕಾರ್ಮಿಕರಿಗೆ ಬಿಸಿಲು ಎಂಬಂತಾಗಬಾರದು. ಕುಡಿಯುವ ನೀರು, ಶೌಚಾಲಯ ಮತ್ತು ಪ್ರಥಮ ಚಿಕಿತ್ಸೆಯ ಸೌಲಭ್ಯವನ್ನು ಕಟ್ಟಡ ಕಾರ್ಮಿಕರಿಗೆ ಒದಗಿಸಬೇಕೆಂದು 1996ರ ಕಾಯ್ದೆಯೇ ವಿಧಿಸಿತು. ಇವು ಉಪಕಾರವಲ್ಲ, ಹಕ್ಕು.

4. ತೆರವು: ಕಂಟೇನರ್ ಇಡುವ ಮುನ್ನವೇ ಜಾಗದ ಅಳತೆ, ಅವಧಿ ಮತ್ತು ತೆರವಿನ ಹೊಣೆಯನ್ನು ಲಿಖಿತವಾಗಿ ದಾಖಲಿಸಬೇಕು. ಇಲ್ಲವಾದಲ್ಲಿ ತಾತ್ಕಾಲಿಕವೆಂದು ಬಂದದ್ದು ಗ್ರಾಮದ ಗೋಮಾಳದಲ್ಲಿ ಕಾಯಂ ಆಗಿ ಉಳಿದೀತು.

ಸದಸ್ಯರು ಭೇಟಿ ನೀಡಿದಾಗ ಬಾಗಿಲಿಗೆ ಬೀಗವಿದ್ದು ವಹಿಗಳು ದೊರೆಯದಿದ್ದಲ್ಲಿ, ಆ ಸಂಗತಿಯನ್ನು ಮುಂದಿನ ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸತಕ್ಕದ್ದು.