ಮೊದಲು ಗುಂಡಿ ಒತ್ತಿದವರಾರು?

ಕೂಳೂರಿನ ಶಾಲೆಯೊಂದರಲ್ಲಿ ರಸಪ್ರಶ್ನೆಯ ಸ್ಪರ್ಧೆ ನಡೆಯುತ್ತಿದೆಯೆಂದು ಭಾವಿಸೋಣ. ಪ್ರಶ್ನೆ ಮುಗಿಯುತ್ತಲೇ ಇಬ್ಬರು ವಿದ್ಯಾರ್ಥಿಗಳು ಗುಂಡಿಯೊತ್ತುತ್ತಾರೆ. ಮೊದಲಿಗರಾರೆಂಬುದನ್ನು ಕಣ್ಣಾಗಲಿ ಕಿವಿಯಾಗಲಿ ನಿರ್ಣಯಿಸಲಾರದು. ಈ ನ್ಯಾಯವನ್ನು ನಾವು ಬಜರ್ ಯಂತ್ರಕ್ಕೆ ಒಪ್ಪಿಸಿದ್ದೇವೆ. ಅದು ನಂಬಿಕೆಗೆ ಅರ್ಹವೇ ಎಂಬುದನ್ನು ವಿಚಾರ ಮಾಡೋಣ.

ತಂತಿಯ ಬಜರಿನ ತತ್ತ್ವ ಸರಳವಾದುದು. ಪ್ರತಿಯೊಂದು ಗುಂಡಿಯಿಂದಲೂ ಕೇಂದ್ರದ ಪೆಟ್ಟಿಗೆಗೆ ಒಂದು ತಂತಿಯುಂಟು. ಮೊದಲು ಬಂದ ಸಂಕೇತವು ತನ್ನ ದೀಪವನ್ನು ಬೆಳಗಿಸಿ, ಉಳಿದವುಗಳ ದಾರಿಯನ್ನು ಮುಚ್ಚಿಬಿಡುತ್ತದೆ. ತಂತಿಯಿಲ್ಲದ ಬಜರಿನಲ್ಲಿ ಸುದ್ದಿಯನ್ನು ಒಯ್ಯುವುದು ರೇಡಿಯೊ ಅಲೆ. ಇದು ಹೊಸ ಕಲ್ಪನೆಯೇನೂ ಅಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಯಾಚೆಯ ಗಂಟೆಯನ್ನು ವಿದ್ಯುತ್ಕಾಂತ ಅಲೆಗಳಿಂದ ಬಾರಿಸಿ ತೋರಿಸಿದ್ದರು. ಇಂದಿನ ಅನೇಕ ಉಪಕರಣಗಳು 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸುತ್ತವೆ; ಅಲ್ಪಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ 2005ರಿಂದ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ.

ರೇಡಿಯೊ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. 30 ಮೀಟರಿನ ಸಭಾಂಗಣವನ್ನು ದಾಟಲು ಅದಕ್ಕೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ಆದುದರಿಂದ ತೊಡಕಿರುವುದು ವೇಗದಲ್ಲಲ್ಲ. ಎರಡು ಗುಂಡಿಗಳು ಒಂದೇ ಕಂಪನಾಂಕದಲ್ಲಿ ಏಕಕಾಲಕ್ಕೆ ನುಡಿದರೆ ಎರಡು ಸುದ್ದಿಗಳೂ ಕಲಸಿಹೋಗುತ್ತವೆ. ಆಗ ಪ್ರತಿಯೊಂದೂ ಕ್ಷಣಕಾಲ ತಡೆದು ಮತ್ತೆ ಕಳುಹಿಸಬೇಕು.

ಫಲ್ಗುಣಿ ನದಿಯ ಮೇಲಿನ ಕೂಳೂರು ಸೇತುವೆಯನ್ನು ನೆನೆಯಿರಿ. ವಾಹನಗಳು ಕಿಕ್ಕಿರಿದಾಗ ಮೊದಲು ಹೊರಟ ಬಸ್ಸೇ ಮೊದಲು ಆಚೆ ಸೇರುವುದೆಂಬ ನಿಯಮವುಂಟೇ? ಆದರೆ ಹೊರಟ ವೇಳೆಯನ್ನು ಚೀಟಿಯಲ್ಲಿ ಬರೆದಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಉತ್ತಮ ಬಜರು ಮಾಡುವುದೂ ಇದನ್ನೇ. ಒತ್ತಿದ ವೇಳೆಯನ್ನು ಗುಂಡಿಯೇ ಗುರುತಿಸಿ ಕಳುಹಿಸುತ್ತದೆ. ಕೇಂದ್ರವು ಸ್ವಲ್ಪ ಕಾದು, ವೇಳೆಗಳನ್ನು ಹೋಲಿಸಿ ತೀರ್ಪು ಕೊಡುತ್ತದೆ.

ಇದಕ್ಕಾಗಿ ಗುಂಡಿಗಳೊಳಗಿನ ಗಡಿಯಾರಗಳು ಒಮ್ಮತದಿಂದಿರಬೇಕು. ಒಂದು ಗಡಿಯಾರ ಹತ್ತು ಲಕ್ಷಕ್ಕೆ 20 ಪಾಲು ಮುಂದೆ, ಇನ್ನೊಂದು ಅಷ್ಟೇ ಹಿಂದೆ ಓಡಿದರೆ, ಒಂದು ನಿಮಿಷದಲ್ಲಿ ಅವುಗಳ ಅಂತರ 2.4 ಮಿಲಿಸೆಕೆಂಡು. ಆದಕಾರಣ ಕೇಂದ್ರವು ಅವುಗಳನ್ನು ಪದೇ ಪದೇ ಸರಿಹೊಂದಿಸಬೇಕು.

ಇಷ್ಟಾದರೂ ಒಂದು ಅನ್ಯಾಯ ಉಳಿಯಬಹುದು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುತ್ತದೆ. ಪ್ರಶ್ನೆ ಕೇಳುವವರಿಂದ ಒಂದು ತಂಡವು ಇನ್ನೊಂದಕ್ಕಿಂತ 3.4 ಮೀಟರು ದೂರ ಕುಳಿತಿದ್ದರೆ, ಪ್ರಶ್ನೆಯು ಅವರಿಗೆ 10 ಮಿಲಿಸೆಕೆಂಡು ತಡವಾಗಿ ಕೇಳಿಸುತ್ತದೆ. ಗಡಿಯಾರಗಳ ದೋಷಕ್ಕಿಂತ ಇದು ನಾಲ್ಕು ಪಟ್ಟು ಹೆಚ್ಚು! ಇದನ್ನು ಯಾವ ಬಜರೂ ತಿದ್ದಲಾರದು. ಪರಿಹಾರ ಮಾತ್ರ ಸುಲಭ: ಎಲ್ಲ ತಂಡಗಳನ್ನೂ ಪ್ರಶ್ನೆ ಕೇಳುವವರ ಸುತ್ತ ಅರ್ಧವೃತ್ತದಲ್ಲಿ, ಸಮದೂರದಲ್ಲಿ ಕುಳ್ಳಿರಿಸುವುದು. ಯಂತ್ರವನ್ನು ಪರೀಕ್ಷಿಸುವ ಮೊದಲು ಒಂದು ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳೋಣ.