ಬೆಟ್ಟ ಹತ್ತಿದ ಮಕ್ಕಳು ಏನು ಕಲಿತರು? ಹೊರಾಂಗಣ ಸಾಹಸ ಶಿಕ್ಷಣದ ಸಂಶೋಧನೆ ಮತ್ತು ನನ್ನದೊಂದು ಪ್ರಶ್ನಾವಳಿ

ಪೀಠಿಕೆ

ಬೋಧನಾಭ್ಯಾಸಕ್ಕೆ ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಪಾಠ ಮಾಡುತ್ತಿದ್ದೆ. ನಾಲ್ಕನೇ ವಾರದ ಶನಿವಾರ ಮುಖ್ಯೋಪಾಧ್ಯಾಯರ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರ ಪಡೆದು, ದೈಹಿಕ ಶಿಕ್ಷಣ ಶಿಕ್ಷಕರ ಜೊತೆಯಲ್ಲಿ 38 ಮಕ್ಕಳನ್ನು ಊರಾಚೆಯ ಬಂಡೆ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಬೆಟ್ಟ ಇಳಿದ ಮೇಲೆ ಹುಣಸೆಮರದ ನೆರಳಿನಲ್ಲಿ ಕೂರಿಸಿ, ಐದು ಪ್ರಶ್ನೆಗಳ ಒಂದು ಹಾಳೆ ಹಂಚಿದೆ. ‘ಈ ಚಾರಣದಿಂದ ನನ್ನ ಆತ್ಮವಿಶ್ವಾಸ ಹೆಚ್ಚಿದೆ’ ಎಂಬ ವಾಕ್ಯದ ಮುಂದೆ 38 ಮಕ್ಕಳೂ ‘ಹೌದು’ ಎಂದು ಗುರುತು ಹಾಕಿದ್ದರು. ‘ಚಟುವಟಿಕೆಯಿಂದ ಎಲ್ಲ ವಿದ್ಯಾರ್ಥಿಗಳ ಆತ್ಮವಿಶ್ವಾಸ ವೃದ್ಧಿಯಾಯಿತು’ ಎಂದು ವರದಿ ಬರೆದು ಖುಷಿಯಿಂದ ಒಪ್ಪಿಸಿದೆ.

ವರದಿ ಹಿಂತಿರುಗಿ ಬಂದಾಗ ಆ ಸಾಲಿನ ಪಕ್ಕದಲ್ಲಿ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಹಿಂದಿನ ಪುಟದಲ್ಲಿ ಒಬ್ಬ ಹುಡುಗಿ ಅರ್ಧ ದಾರಿಯಲ್ಲೇ ಕೂತುಬಿಟ್ಟಳು ಎಂದು ನೀವೇ ಬರೆದಿದ್ದೀರಿ. ಅವಳ ಆತ್ಮವಿಶ್ವಾಸ ಹೆಚ್ಚಿದ್ದು ಹೇಗೆ?’

ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿ ಬಂಡೆಯ ಮೇಲೆ ಕೂತಾಗ ಹುಡುಗರು ನಕ್ಕಿದ್ದರು. ನಾನೂ ‘ಏನೂ ಆಗಲ್ಲ, ಬಾರಮ್ಮ’ ಎಂದು ಎರಡು ಸಲ ಕರೆದು ಮುಂದೆ ಹೋಗಿದ್ದೆ. ಅವಳ ಜೊತೆ ಸಹಶಿಕ್ಷಕಿಯೊಬ್ಬರು ಉಳಿದಿದ್ದರು. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದ್ದನ್ನೂ, ನಂತರ ನನ್ನ ಯೋಜನೆಯಲ್ಲಿ ಬದಲಾಯಿಸಿಕೊಂಡಿದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸಾಹಸ ಶಿಕ್ಷಣದ ಹಿನ್ನೆಲೆ

ಇಂದಿನ ಹೊರಾಂಗಣ ಸಾಹಸ ಶಿಕ್ಷಣದ ಚರ್ಚೆ ಹೆಚ್ಚಾಗಿ ಕರ್ಟ್ ಹಾನ್ ಅವರ ಹೆಸರಿನಿಂದ ಆರಂಭವಾಗುತ್ತದೆ. ಜರ್ಮನಿಯ ಸಾಲೆಂ ಶಾಲೆಯನ್ನು ನಡೆಸುತ್ತಿದ್ದ ಈ ಶಿಕ್ಷಣ ತಜ್ಞರು ನಾಜಿಗಳನ್ನು ವಿರೋಧಿಸಿ 1933ರಲ್ಲಿ ಬಂಧನಕ್ಕೊಳಗಾದರು, ಆಮೇಲೆ ಬ್ರಿಟನ್ನಿಗೆ ಹೋಗಿ 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ತೆರೆದರು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರ ನೆರವಿನಿಂದ ವೇಲ್ಸಿನ ಅಬರ್‌ಡವಿ ಎಂಬಲ್ಲಿ ಮೊದಲ ‘ಔಟ್‌ವರ್ಡ್ ಬೌಂಡ್’ ಶಾಲೆ ಶುರುವಾಯಿತು. ಹಡಗು ಮುಳುಗಿದಾಗ ಕಷ್ಟ ತಾಳಿ ಬದುಕುಳಿಯುವ ಮನೋಬಲವನ್ನು ಯುವ ನಾವಿಕರಲ್ಲಿ ಬೆಳೆಸುವುದು ಆಗಿನ ತುರ್ತು ಉದ್ದೇಶವಾಗಿತ್ತು. ಅಲ್ಲಿನ ಕೋರ್ಸು ಸುಮಾರು ಒಂದು ತಿಂಗಳಿನದು. ನನ್ನ ಕಾರ್ಯಕ್ರಮ ಅರ್ಧ ದಿನದ್ದು. ಈ ಅಂತರವೇ ನಾನು ಗಮನಿಸಿದ ಮೊದಲ ಅಂಶ.

ಸಂಶೋಧನೆ ಹೇಳುವುದೇನು?

ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲೊಂದು 1997ರಲ್ಲಿ ಪ್ರಕಟವಾದ ಜಾನ್ ಹ್ಯಾಟಿ, ಹರ್ಬರ್ಟ್ ಮಾರ್ಷ್, ಜೇಮ್ಸ್ ನೀಲ್ ಮತ್ತು ಗ್ಯಾರಿ ರಿಚರ್ಡ್ಸ್ ಅವರ ಮೆಟಾ ವಿಶ್ಲೇಷಣೆ. ಬೇರೆ ಬೇರೆಯವರು ನಡೆಸಿದ ಅಧ್ಯಯನಗಳ ಫಲಿತಾಂಶಗಳನ್ನು ಒಂದೇ ಅಳತೆಗೆ ತಂದು ಒಟ್ಟಿಗೆ ನೋಡುವುದಕ್ಕೆ ಮೆಟಾ ವಿಶ್ಲೇಷಣೆ ಎನ್ನುತ್ತಾರೆ. ಇವರು 96 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿ ಭಾಗವಹಿಸಿದವರು 12,057 ಮಂದಿ. ಆತ್ಮವಿಶ್ವಾಸ, ನಾಯಕತ್ವ, ಪರಸ್ಪರ ಸಂಬಂಧ, ಶೈಕ್ಷಣಿಕ ಸಾಧನೆ ಮುಂತಾದ 40 ಬಗೆಯ ಪರಿಣಾಮಗಳನ್ನು ಪರಿಶೀಲಿಸಿದಾಗ ಕಾರ್ಯಕ್ರಮದ ಕೊನೆಯಲ್ಲಿ ಸಿಕ್ಕ ಸರಾಸರಿ ಪರಿಣಾಮ ಗಾತ್ರ 0.34.

ಈ ಸಂಖ್ಯೆಯನ್ನು ನಮ್ಮ ತರಗತಿಯ ಲೆಕ್ಕಕ್ಕೆ ತಂದು ನೋಡೋಣ. ಒಂದು ಕಿರುಪರೀಕ್ಷೆಯಲ್ಲಿ ಸರಾಸರಿ 14 ಅಂಕ, ಮಾನಕ ವಿಚಲನೆ 5 ಎಂದಿಟ್ಟುಕೊಳ್ಳಿ. ಪರಿಣಾಮ ಗಾತ್ರ 0.34 ಎಂದರೆ ಸರಾಸರಿ 0.34 × 5 = 1.7 ಅಂಕಗಳಷ್ಟು ಮೇಲೇರಿದಂತೆ. ಅಂಕಗಳು ಸಾಮಾನ್ಯ ವಿತರಣೆಯಲ್ಲಿದ್ದರೆ, ಮಧ್ಯದಲ್ಲಿದ್ದ ಮಗು ಮೊದಲಿನ ಗುಂಪಿನ ಸುಮಾರು ಶೇ. 63ರಷ್ಟು ಮಕ್ಕಳಿಗಿಂತ ಮೇಲಿನ ಸ್ಥಾನಕ್ಕೆ ಬರುತ್ತದೆ. ಇದು ಒಳ್ಳೆಯ ಪರಿಣಾಮವೇ. ಆದರೆ ‘ಎಲ್ಲರೂ ಬದಲಾದರು’ ಎನ್ನುವಂಥದ್ದಲ್ಲ. ಸರಾಸರಿ ಏರಿದ ಗುಂಪಿನಲ್ಲೂ ಇಳಿದವರು ಇರಬಹುದು.

ಇದೇ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಅಚ್ಚರಿ ತಂದಿತು. ತರಗತಿಯಲ್ಲಿ ಕಲಿಸಿದ್ದು ದಿನ ಕಳೆದಂತೆ ಮಾಸುವುದು ನಮಗೆಲ್ಲ ಗೊತ್ತು. ಇಲ್ಲಿ ಹಾಗಾಗದೆ, ಕಾರ್ಯಕ್ರಮ ಮುಗಿದು ಕೆಲವು ಕಾಲದ ನಂತರ ಮತ್ತೆ ಅಳೆದಾಗ ಇನ್ನೂ 0.17ರಷ್ಟು ಹೆಚ್ಚಳ ಕಂಡಿತು. ಜೊತೆಗೆ, 20 ದಿನ ಮೀರಿದ ಕಾರ್ಯಕ್ರಮಗಳ ಪರಿಣಾಮ ಚಿಕ್ಕ ಕಾರ್ಯಕ್ರಮಗಳಿಗಿಂತ ದೊಡ್ಡದಾಗಿತ್ತು. ಒಟ್ಟು ಕಾರ್ಯಕ್ರಮಗಳ ಸರಾಸರಿ ಅವಧಿಯೇ 24 ದಿನ. ಭಾಗವಹಿಸಿದವರಲ್ಲಿ ಪುರುಷರೇ ಹೆಚ್ಚು. ಹದಿನಾಲ್ಕು ವರ್ಷದ ಹುಡುಗಿಯ ಅರ್ಧ ದಿನದ ಚಾರಣಕ್ಕೆ ಈ ಅಂಕಿಗಳನ್ನು ನೇರವಾಗಿ ಹಚ್ಚಲು ಬರುವುದಿಲ್ಲ ಎಂಬುದು ನನಗೆ ಇಲ್ಲಿ ಸ್ಪಷ್ಟವಾಯಿತು.

ಎರಡನೆಯ ಉದಾಹರಣೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ್ದು. 1960ರ ದಶಕದಲ್ಲಿ ಕೆಲ್ಲಿ ಮತ್ತು ಬೇರ್ ಎಂಬ ಸಂಶೋಧಕರು ಕಾನೂನು ಉಲ್ಲಂಘಿಸಿ ಸಿಕ್ಕಿಬಿದ್ದಿದ್ದ 120 ಹುಡುಗರನ್ನು ತಲಾ 60ರ ಎರಡು ಗುಂಪುಗಳಾಗಿ ಅಧ್ಯಯನ ಮಾಡಿದರು. ಒಂದು ಗುಂಪು ಔಟ್‌ವರ್ಡ್ ಬೌಂಡ್ ಶಿಬಿರಕ್ಕೆ ಹೋಯಿತು, ಇನ್ನೊಂದಕ್ಕೆ ಮಾಮೂಲಿ ಸುಧಾರಣಾ ಕ್ರಮ ಮುಂದುವರಿಯಿತು. ಒಂದು ವರ್ಷದ ನಂತರ ನೋಡಿದಾಗ ಮತ್ತೆ ತಪ್ಪಿಗೆ ಮರಳಿದವರು ಮೊದಲ ಗುಂಪಿನಲ್ಲಿ ಶೇ. 20, ಎರಡನೆಯದರಲ್ಲಿ ಶೇ. 42. ಇಲ್ಲಿ ಸಂಶೋಧಕರು ಶಿಬಿರ ಮುಗಿದ ದಿನ ‘ನೀನು ಬದಲಾದೆಯಾ?’ ಎಂದು ಕೇಳಿ ಸುಮ್ಮನಾಗಲಿಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇಟ್ಟುಕೊಂಡರು, ತಿಂಗಳುಗಟ್ಟಲೆ ಕಾದರು, ಮಾತಿನ ಬದಲು ನಡತೆಯನ್ನು ನೋಡಿದರು. ಈ ಮೂರರಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ.

ನನ್ನ ಪ್ರಶ್ನಾವಳಿಯ ದೋಷ

ಶಿಬಿರ ಮುಗಿದ ಕೂಡಲೇ ಎಲ್ಲರೂ ಉಲ್ಲಾಸದಲ್ಲಿರುತ್ತಾರೆ; ಆಗ ಕೊಟ್ಟ ಉತ್ತರದಲ್ಲಿ ಆ ಕ್ಷಣದ ಹುರುಪೇ ಬೆರೆತಿರುತ್ತದೆ ಎಂದು ಈ ಕ್ಷೇತ್ರದ ಸಂಶೋಧಕರು ಎಚ್ಚರಿಸುತ್ತಾರೆ. ನಾನು ಹಾಳೆ ಹಂಚಿದ್ದು ಅದೇ ಹೊತ್ತಿನಲ್ಲಿ. ಮೇಲಾಗಿ ಹಾಳೆಯ ಮೇಲೆ ಹೆಸರು ಬರೆಸಿದ್ದೆ. ಮೌಲ್ಯಮಾಪನ ಮಾಡುವ ಮಿಸ್ ಎದುರಿಗೇ ನಿಂತಿದ್ದಾಗ ಯಾವ ಮಗು ‘ಇಲ್ಲ’ ಎಂದು ಬರೆದೀತು?

ಒಂದು ವಾರದ ನಂತರ ಮಧ್ಯಾಹ್ನದ ಬಿಸಿಯೂಟದ ಬಿಡುವಿನಲ್ಲಿ ಆ ಹುಡುಗಿಯ ಜೊತೆ ಕೂತು ಮಾತಾಡಿದೆ. ‘ಎಲ್ಲರೂ ಹೌದು ಅಂತ ಹಾಕ್ತಿದ್ರು ಮಿಸ್, ನಾನೂ ಹಾಕ್ದೆ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಮೇಲಿಂದ ಕೆಳಗೆ ನೋಡಿದ್ರೆ ನಂಗೆ ತಲೆ ಸುತ್ತುತ್ತೆ. ಮೊದಲೇ ಹೇಳಿದ್ರೆ ಕರ್ಕೊಂಡು ಹೋಗ್ತಿರ್ಲಿಲ್ವೇನೋ ಅಂತ ಹೇಳ್ಲಿಲ್ಲ’ ಎಂದಳು. ಅವಳಿಗೆ ಬರುವ ಆಸೆ ಇತ್ತು. ಬೆಟ್ಟದ ತುದಿ ಮುಟ್ಟುವುದೊಂದೇ ಗೆಲುವು ಎಂದು ನಾನು ಯೋಜಿಸಿದ್ದರಿಂದ ಅವಳಿಗೆ ಅಲ್ಲಿ ಮಾಡಲು ಬೇರೆ ಕೆಲಸವೇ ಇರಲಿಲ್ಲ.

ಬದಲಾಯಿಸಿದ ಯೋಜನೆ

ಎರಡು ವಿಚಾರಗಳು ನನಗೆ ದಾರಿ ತೋರಿಸಿದವು. ಮೊದಲನೆಯದು ಅಮೆರಿಕದ ‘ಪ್ರಾಜೆಕ್ಟ್ ಅಡ್ವೆಂಚರ್’ ಸಂಸ್ಥೆ ಪ್ರಚಾರಕ್ಕೆ ತಂದ ತತ್ವ: ಸವಾಲು ಎಲ್ಲರಿಗೂ ಇರಲಿ, ಅದನ್ನು ಎಷ್ಟರ ಮಟ್ಟಿಗೆ ಕೈಗೊಳ್ಳಬೇಕೆಂಬ ಆಯ್ಕೆ ಭಾಗವಹಿಸುವವರದ್ದೇ ಆಗಿರಲಿ. ಎರಡನೆಯದು ನಾವು ಪತ್ರಿಕೆಗಳಲ್ಲಿ ಓದುವ ಡೇವಿಡ್ ಕೋಲ್ಬ್ ಅವರ ಅನುಭವ ಕಲಿಕೆಯ ಚಕ್ರ: ಅನುಭವ, ಅದರ ಮೇಲಿನ ಚಿಂತನೆ, ಅದರಿಂದ ಮೂಡುವ ಪರಿಕಲ್ಪನೆ, ಮತ್ತೆ ಪ್ರಯೋಗ. ನನ್ನ ಮೊದಲ ಚಾರಣ ‘ಅನುಭವ’ದಲ್ಲೇ ನಿಂತುಬಿಟ್ಟಿತ್ತು.

ಬೋಧನಾಭ್ಯಾಸ ಮುಗಿಯುವ ಮುಂಚಿನ ವಾರ ಅದೇ ಬೆಟ್ಟಕ್ಕೆ ಮತ್ತೆ ಹೋದೆವು. ಹಿಂದಿನ ದಿನವೇ ತರಗತಿಯಲ್ಲಿ ಮಕ್ಕಳು ಕೆಲಸ ಆರಿಸಿಕೊಂಡರು. ಒಂದು ತಂಡ ತುದಿಗೆ ಹೋಗಿ ಬಣ್ಣದ ಬಾವುಟ ಹಿಡಿಯಬೇಕು. ಇನ್ನೊಂದು ತಂಡ ಮೂರು ಎತ್ತರಗಳಲ್ಲಿ ಸಿಗುವ ಗಿಡಗಳನ್ನು ಪಟ್ಟಿ ಮಾಡಬೇಕು. ಮೂರನೆಯ ತಂಡ ಬುಡದಲ್ಲಿ ನಿಂತು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ ಮಾಡಿದ ಕ್ಲೈನೋಮೀಟರ್‌ನಿಂದ, ಒಂದೇ ನೇರದಲ್ಲಿ 50 ಮೀಟರ್ ಅಂತರದ ಎರಡು ಜಾಗಗಳಿಂದ ಬಾವುಟದ ಕೋನ ಅಳೆಯಬೇಕು. ಆಮೇಲೆ ತರಗತಿಯಲ್ಲಿ ಅಳತೆಗೆ ತಕ್ಕ ಚಿತ್ರ ಬರೆದು ಬೆಟ್ಟದ ಎತ್ತರ ಕಂಡುಹಿಡಿಯಬೇಕು. ಒಂದು ತಂಡದ ಕೆಲಸವಿಲ್ಲದೆ ಇನ್ನೊಂದರದ್ದು ಮುಗಿಯದಂತೆ ಜೋಡಿಸಿದ್ದೆ.

ಆ ಹುಡುಗಿ ಕ್ಲೈನೋಮೀಟರ್ ತಂಡ ಸೇರಿದಳು. ಬಾವುಟ ಸರಿಯಾಗಿ ಕಾಣದಿದ್ದಾಗ ತುದಿಯವರಿಗೆ ಕೈಸನ್ನೆ ಮಾಡಿ ‘ಬಲಕ್ಕೆ ಬನ್ರೋ’ ಎಂದು ಕೂಗಿದವಳು ಅವಳೇ. ಈ ಸಲವೂ ಅವಳು ಬೆಟ್ಟ ಹತ್ತಲಿಲ್ಲ.

ಸೋಮವಾರ ಒಂದು ಪೂರ್ತಿ ಅವಧಿಯನ್ನು ಚರ್ಚೆಗೆ ಇಟ್ಟೆ. ‘ಎಲ್ಲಿ ಕಷ್ಟವಾಯಿತು? ಆಗ ಯಾರು ನೆರವಾದರು? ಅದೇ ರೀತಿ ತರಗತಿಯಲ್ಲಿ ಎಲ್ಲಿ ಕಷ್ಟವಾಗುತ್ತದೆ?’ ಎಂಬ ಮೂರೇ ಪ್ರಶ್ನೆ. ಮೊದಲ ಸಲ ಎಲ್ಲರಿಗಿಂತ ಮುಂಚೆ ತುದಿ ಮುಟ್ಟಿದ್ದ ಹುಡುಗ, ಇಳಿಯುವಾಗ ತನಗೂ ಕಾಲು ನಡುಗಿತ್ತು ಎಂದ. ಆ ಮಾತಿಗೆ ಯಾರೂ ನಗಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಪ್ರಶ್ನಾವಳಿಯನ್ನು ಚಟುವಟಿಕೆಗೆ ಮುಂಚೆ ಒಮ್ಮೆ, ಕೆಲವು ವಾರಗಳ ನಂತರ ಇನ್ನೊಮ್ಮೆ ಕೊಡಿ. ಬೆಟ್ಟದ ಬುಡದಲ್ಲೇ ಕೊಡಬೇಡಿ, ಹೆಸರು ಬರೆಸಬೇಡಿ.

2. ಮಕ್ಕಳ ಉತ್ತರದ ಜೊತೆಗೆ ಕಣ್ಣಿಗೆ ಕಾಣುವ ನಡತೆಯನ್ನೂ ದಾಖಲಿಸಿ. ಉದಾಹರಣೆಗೆ, ಯಾರು ತಾವಾಗಿ ಕಪ್ಪು ಹಲಗೆಯ ಬಳಿಗೆ ಬಂದರು, ಯಾರು ಪ್ರಶ್ನೆ ಕೇಳಿದರು.

3. ಹತ್ತಲಾಗದ ಮಗುವಿಗೂ ತಂಡಕ್ಕೆ ನಿಜವಾಗಿ ಬೇಕಾದ ಕೆಲಸ ಇರಲಿ. ಚೀಲ ಕಾಯುವ ಕೆಲಸ ಕೊಡಬೇಡಿ.

4. ಪಾಠಯೋಜನೆಯಲ್ಲಿ ಸುರಕ್ಷತೆ ಮತ್ತು ಒಪ್ಪಿಗೆ ಪತ್ರಕ್ಕೆ ಕೊಡುವಷ್ಟೇ ಜಾಗವನ್ನು ಮರುದಿನದ ಚರ್ಚೆಗೂ ಕೊಡಿ.

ಉಪಸಂಹಾರ

ಹೊರಾಂಗಣ ಸಾಹಸ ಚಟುವಟಿಕೆಗಳಿಂದ ಪ್ರಯೋಜನವಿದೆ ಎಂದು ಸಂಶೋಧನೆಗಳು ತೋರಿಸುತ್ತವೆ. ಆದರೆ ಆ ಪ್ರಯೋಜನ ಅವಧಿ, ಯೋಜನೆ ಮತ್ತು ಮುಂದುವರಿಕೆಯ ಮೇಲೆ ನಿಂತಿದೆ. ನನ್ನ ಎರಡು ಚಾರಣಗಳಿಂದ ಆ ತರಗತಿಯ ಆತ್ಮವಿಶ್ವಾಸ ಹೆಚ್ಚಿತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಹೋಲಿಕೆಯ ಗುಂಪು ಇರಲಿಲ್ಲ, ಕಾದು ನೋಡಲು ಬೋಧನಾಭ್ಯಾಸದ ಅವಧಿಯೂ ಉಳಿದಿರಲಿಲ್ಲ. ಹಾಗಾಗಿ ವರದಿಯ ಹಳೆಯ ಸಾಲನ್ನು ಹೊಡೆದು ಹೀಗೆ ತಿದ್ದಿದೆ: ‘38 ವಿದ್ಯಾರ್ಥಿಗಳು ಭಾಗವಹಿಸಿದರು. ಒಬ್ಬ ವಿದ್ಯಾರ್ಥಿನಿಗೆ ಎತ್ತರದ ಭಯವಿದೆ ಎಂಬುದು ಮೊದಲ ಚಾರಣದಲ್ಲಿ ನನ್ನ ಗಮನಕ್ಕೆ ಬರಲಿಲ್ಲ. ಎರಡನೆಯದರಲ್ಲಿ ಆಕೆ ಕೋನಗಳನ್ನು ಅಳೆದಳು.’

ಈ ಸಲ ವರದಿಯಲ್ಲಿ ಕೆಂಪು ಶಾಯಿಯ ಪ್ರಶ್ನೆ ಇರಲಿಲ್ಲ, ಸಹಿ ಮಾತ್ರ ಇತ್ತು.